ಮಲ್ಲೇಶ ಹೊಸಕೋಟಿಯ ನವೀಕರಣ

ಓಟಿಪಿ ಬರಲಿಲ್ಲ.

ಬರುವುದಿಲ್ಲ ಎಂದು ಮಲ್ಲೇಶನಿಗೆ ಮೊದಲೇ ಗೊತ್ತಿತ್ತು. ಆದರೂ ಜೇಬಿನಿಂದ ಫೋನು ತೆಗೆದು, ಬರಬೇಕಾದದ್ದು ಇನ್ನೂ ಬರಲಿಲ್ಲವಲ್ಲ ಎಂಬಂತೆ ಹುಬ್ಬು ಗಂಟಿಕ್ಕಿ ನೋಡಿದ. ಕಂಪ್ಯೂಟರ್ ಸೆಂಟರಿನ ಶೋಭಾ ಇನ್ನೊಮ್ಮೆ ಒತ್ತಿದಳು. ಪರದೆಯ ಮೇಲೆ ಒಂದಷ್ಟು ಚುಕ್ಕೆ, ಚುಕ್ಕೆಗಳ ಕೊನೆಗೆ ಎರಡು ಅಂಕಿ. ಅವನ ನಂಬರಿನವಲ್ಲ.

“ಸರ, ಕಡೀಕ ನಲವತ್ತೊಂದು ಐತ್ರಿ. ನಿಮ್ಮದು ಹಂಗಿಲ್ಲಲ್ರಿ?”

“ಹಳೇದು,” ಎಂದ.

“ಹಳೇದು ಈಗ ಯಾರ ಕಡೆ ಐತ್ರಿ?”

ಮಲ್ಲೇಶ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗಿದ. ಶೋಭಾ ಮತ್ತೆ ಕೇಳಲಿಲ್ಲ. ಅವಳ ತಮ್ಮ ಇವನ ಕಾಲೇಜಿನಲ್ಲೇ ಓದುತ್ತಿದ್ದ. ಮೇಷ್ಟರನ್ನು ಎಷ್ಟು ಕೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಅವಳಿಗೆ ತಿಳಿದಿತ್ತು. ಆದರೆ ಪರದೆಗೆ ತಿಳಿಯಬೇಕಲ್ಲ. ಕೆಲಸದ ಸ್ಥಳ ಎಂಬಲ್ಲಿ ಅದು ಮೂಡಲಗಿಯ ಔಷಧ ಅಂಗಡಿಯ ಹೆಸರನ್ನು ದಪ್ಪ ಅಕ್ಷರದಲ್ಲಿ ತೋರಿಸುತ್ತಿತ್ತು. ಹುಡುಗಿ ಅದನ್ನು ಓದಿದಳು. ಓದಿ, ಬೇಕಂತಲೇ ಬೇರೆ ಕಡೆ ನೋಡಿದಳು. ಅವಳು ನಕ್ಕಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಫಾರ್ಮಸಿಸ್ಟನ ನೋಂದಣಿಯನ್ನು ವರ್ಷಕ್ಕೊಮ್ಮೆ ಫೀ ತುಂಬಿ ನವೀಕರಿಸಬೇಕು. ತುಂಬದಿದ್ದರೆ ಹೆಸರನ್ನು ಪಟ್ಟಿಯಿಂದ ತೆಗೆಯುತ್ತಾರೆ. ಹೆಸರು ಹೋದರೆ ಮೂಡಲಗಿಯ ಅಂಗಡಿಯೂ ಹೋಯಿತು, ಗೋಕಾಕದ ಕಾಲೇಜಿನ ನೌಕರಿಯೂ ಹೋಯಿತು. ಹತ್ತು ವರ್ಷದಿಂದ ಇದೆಲ್ಲ ಅವನ ಕೈಗೆ ತಾಕದಂತೆ ನಡೆದುಬಂದಿತ್ತು. ಫೀ ತುಂಬುವವನು ಅಂಗಡಿಯ ಮಾಲಕ ರಾವಸಾಹೇಬ, ಔಷಧ ವ್ಯಾಪಾರಿಗಳ ಸಂಘದಲ್ಲಿ ಸದಸ್ಯತ್ವ ಮಾಡಿಸುವವನೂ ಅವನೇ. ಓಟಿಪಿ ಹೋಗುವುದೂ ಅಂಗಡಿಯ ಫೋನಿಗೆ. ಮಲ್ಲೇಶನೇ ಹಾಗೆ ಬರೆಸಿದ್ದ, ಕಿರಿಕಿರಿ ಬೇಡವೆಂದು.

ಈ ವರ್ಷ ಹೊಸ ನಿಯಮ ಬಂದಿತ್ತು. ಕೆಲಸದ ಜಾಗದಲ್ಲೇ ನಿಂತು, ಗೋಡೆಯ ಮೇಲಿನ ಸರ್ಟಿಫಿಕೇಟು ಕಾಣುವಂತೆ, ಅಲ್ಲೇ ಆಗಲೇ ಫೋಟೋ ಹೊಡೆದು ಕಳಿಸಬೇಕು. ಒಂದು ಸಲ ಬಂದು ಹೋಗಬೇಕಾಗುತ್ತದೆ ಸರ್ ಎಂದು ರಾವಸಾಹೇಬ ಎಂಟು ದಿನದ ಹಿಂದೆಯೇ ಫೋನು ಮಾಡಿದ್ದ. ನೋಡೋಣ ಎಂದಿದ್ದ ಮಲ್ಲೇಶ. ಗೋಕಾಕದಲ್ಲೇ ಹೇಗಾದರೂ ಮುಗಿದೀತೆಂದು ಕೊನೆಯ ದಿನದ ತನಕ ದೂಡಿದ್ದ. ಇವತ್ತು ಆ ಕೊನೆಯ ದಿನ, ಸಂಜೆ ಐದಕ್ಕೆ ಬಾಗಿಲು ಮುಚ್ಚುತ್ತದೆ. ಅಂಗಡಿಗೆ ಮೂರು ಸಲ ಫೋನು ಮಾಡಿದ. ಯಾರೂ ಎತ್ತಲಿಲ್ಲ.

ಬಸ್ ಸ್ಟ್ಯಾಂಡಿನ ಎದುರು ಒಂದು ಡಬ್ಬಿ ಕರದಂಟು ಕಟ್ಟಿಸಿಕೊಂಡ. ಗೋಕಾಕದಿಂದ ಹೋಗುವವರು ಬರಿಗೈಯಲ್ಲಿ ಹೋಗಬಾರದು. ಬಸ್ಸು ಹತ್ತಿ ಕೂತ ಮೇಲೆ, ಬಾಡಿಗೆ ವಸೂಲಿಗೆ ಹೋಗುವವನು ಬಾಡಿಗೆಯವನಿಗೆ ಸಿಹಿ ಒಯ್ಯುತ್ತಾನೆಯೇ ಎಂದು ಯೋಚನೆ ಬಂದು ಡಬ್ಬಿಯನ್ನು ಚೀಲದ ತಳಕ್ಕೆ ತುರುಕಿದ.

ಬಾಡಿಗೆ. ಅವರ ಮನೆಯಲ್ಲಿ ಬಳಸುತ್ತಿದ್ದ ಮಾತು ಅದೇ. ಮೂಡಲಗಿ ಬಾಡಿಗೆ ಬಂತೇ ಎಂದು ಹೆಂಡತಿ ನೇತ್ರಾ ತಿಂಗಳ ಮೊದಲ ವಾರ ಕೇಳುತ್ತಾಳೆ. ಹುಕ್ಕೇರಿಯ ತವರಿನವರಿಗೆ ಮೂಡಲಗಿಯಲ್ಲಿ ನಮ್ಮದೊಂದು ಮಳಿಗೆ ಇದೆ ಎಂದು ಹೇಳಿದ್ದಾಳೆ. ಅವಳು ಮೊದಲ ಸಲ ಹೇಳಿದಾಗ ಮಲ್ಲೇಶ ತಿದ್ದಲಿಲ್ಲ. ಎರಡನೇ ಸಲಕ್ಕೆ ಮಾವನೆದುರು ತಾನೇ ಆ ಮಳಿಗೆ ರಸ್ತೆಗೆ ಹತ್ತಿ ಇದೆ ಎಂದು ಸೇರಿಸಿದ್ದ. ನಿಜದಲ್ಲಿ ಬಾಡಿಗೆಗೆ ಹೋದದ್ದು ಗಾಜು ಹಾಕಿಸಿದ ಒಂದು ಕಾಗದ, ಅವನ ಫಾರ್ಮಸಿಸ್ಟ್ ಸರ್ಟಿಫಿಕೇಟು. ಅದರ ಮೂಲೆಯಲ್ಲಿ ಇಪ್ಪತ್ತೆರಡು ವರ್ಷದ ಒಬ್ಬನ ಫೋಟೋ.

ಕಾಲೇಜಿನಲ್ಲಿ ಅವನು ಕಲಿಸುತ್ತಿದ್ದುದು ಔಷಧಗಳ ಗುಣ, ಮತ್ತು ಔಷಧ ಕಾಯ್ದೆ. ಫಾರ್ಮಸಿಸ್ಟ್ ಖುದ್ದಾಗಿ ಹಾಜರಿಲ್ಲದೆ ಒಂದು ಗುಳಿಗೆಯೂ ಕೈ ದಾಟಬಾರದು ಎಂಬ ಕಲಮನ್ನು ಅವನು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಆದರೆ ಇದು ಒಬ್ಬನ ಬದನೆಕಾಯಿ ಅಲ್ಲವಲ್ಲ. ಪ್ರಾಂಶುಪಾಲರ ಸರ್ಟಿಫಿಕೇಟೇ ಹುಕ್ಕೇರಿಯ ಒಂದು ಅಂಗಡಿಯಲ್ಲಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಎಲ್ಲರದೂ ಗೊತ್ತು, ಯಾರೂ ಆ ಮಾತು ಎತ್ತುವುದಿಲ್ಲ.

ಇವತ್ತು ಬೆಳಗಿನ ಪಾಠ ಚೆನ್ನಾಗಿ ಆಗಿತ್ತು. ರಕ್ತ ತೆಳ್ಳಗೆ ಮಾಡುವ ಗುಳಿಗೆಯೂ ಮೊಣಕಾಲು ನೋವಿನ ಗುಳಿಗೆಯೂ ಒಂದೇ ಹೊಟ್ಟೆಯಲ್ಲಿ ಕೂಡಬಾರದು ಎಂದು ಹೇಳಿದ್ದ. ಕೂಡಿದರೆ ರಕ್ತ ಒಸರಿ ಮೊದಲು ವಸಡು ಹೇಳುತ್ತದೆ. ವಸಡಿನ ಮಾತು ಕೇಳದಿದ್ದರೆ ಆಮೇಲೆ ಹೊಟ್ಟೆ ಹೇಳುತ್ತದೆ, ತಲೆ ಹೇಳುತ್ತದೆ. ಮಕ್ಕಳು ತಲೆ ತಗ್ಗಿಸಿ ಬರೆದುಕೊಂಡಿದ್ದರು. ವಸಡು ಹೇಳುತ್ತದೆ ಎಂಬ ಮಾತು ಪುಸ್ತಕದ್ದಲ್ಲ, ತನ್ನದೇ. ಬಸ್ಸಿನಲ್ಲಿ ಅದನ್ನು ನೆನೆದು ಒಂದು ಕ್ಷಣ ಹಿತವೆನ್ನಿಸಿತು. ಆಮೇಲೆ ಮೂಡಲಗಿ ಬಂತು.

ಅಂಗಡಿಯ ಮುಂದೆ ಐದಾರು ಜನ ನಿಂತಿದ್ದರು. ಆರು ವರ್ಷದಿಂದ ಮಲ್ಲೇಶ ಇತ್ತ ಬಂದಿರಲಿಲ್ಲ. ಅಂಗಡಿ ಬೆಳೆದಿತ್ತು. ಒಳಗೆ ಬಿಳಿ ಅಂಗಿಯ ಒಬ್ಬ ಮನುಷ್ಯ ಎರಡು ಕೈಯಲ್ಲೂ ಕೆಲಸ ಮಾಡುತ್ತ, ಬಾಯಿಯಲ್ಲಿ ಎಲ್ಲರನ್ನೂ ವಿಚಾರಿಸುತ್ತಿದ್ದ. ಯಾರದೋ ಎಮ್ಮೆ ಈದ ಸುದ್ದಿ, ಯಾರದೋ ಹೊಲಿಗೆ ಬಿಚ್ಚಿದ ಸುದ್ದಿ. ಜನ ಅವನನ್ನು ಮಲ್ಲೇಶಪ್ಪ ಎನ್ನುತ್ತಿದ್ದರು. ಮಲ್ಲೇಶಪ್ಪಾ, ಇದನ್ನ ಉಂಡ ಮ್ಯಾಲೋ ಉಣ್ಣೂಕಿಂತ ಮದಲೋ? ಪ್ರತಿ ಸಲ ಆ ಹೆಸರು ಕೇಳಿದಾಗಲೂ ಹೊರಗೆ ನಿಂತಿದ್ದ ಮಲ್ಲೇಶನ ಕತ್ತು ಎತ್ತಿಕೊಳ್ಳುತ್ತಿತ್ತು. ಅವನು ಅದನ್ನು ಕಷ್ಟಪಟ್ಟು ಕೆಳಗಿಳಿಸಿಕೊಳ್ಳುತ್ತಿದ್ದ.

ಬಿಳಿ ಅಂಗಿಯವನು ಶಿದ್ರಾಮ. ಹನ್ನೆರಡನೇ ಇಯತ್ತೆಯಲ್ಲಿ ನಪಾಸಾಗಿ ಅಂಗಡಿ ಸೇರಿದವನು. ತಪಾಸಣೆಗೆ ಬಂದವರು ಯಾರಾದರೂ ಕೇಳಿದರೆ ಬಾಯಿ ತಪ್ಪಬಾರದೆಂದು, ಮೊದಲ ದಿನದಿಂದಲೇ ಎಲ್ಲರೂ ಅವನನ್ನು ಮಲ್ಲೇಶ ಎಂದು ಕರೆಯಬೇಕೆಂದು ರಾವಸಾಹೇಬ ಕಟ್ಟು ಮಾಡಿದ್ದ. ತಪಾಸಣೆಯವರು ಬಂದದ್ದು ಎರಡೋ ಮೂರೋ ಸಲ. ಹೆಸರು ಮಾತ್ರ ಊರಿಗೆಲ್ಲ ಹಬ್ಬಿ ಗಟ್ಟಿಯಾಗಿತ್ತು.

“ಏನ ಬೇಕಾಗಿತ್ರಿ?” ಎಂದು ಶಿದ್ರಾಮ ಕೇಳಿದ.

ಗುರುತು ಸಿಕ್ಕಿರಲಿಲ್ಲ. ಏನು ಬೇಕೆಂದು ಮಲ್ಲೇಶನಿಗೂ ಹೊಳೆಯಲಿಲ್ಲ. ಚೀಲದಿಂದ ಕರದಂಟಿನ ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟ. ಅಷ್ಟರಲ್ಲಿ ಒಳಕೋಣೆಯಿಂದ ರಾವಸಾಹೇಬ ಬಂದು, ನೋಡಿ, ಮುಖ ಅರಳಿಸಿ, ನಿಂತಿದ್ದ ಜನರ ಕಡೆ ಒಮ್ಮೆ ಕಣ್ಣಾಡಿಸಿದ.

“ಗೋಕಾಕದ ಕಂಪನಿಯವರು,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. “ಬರ್ರಿ ಸರ, ಒಳಗ ಬರ್ರಿ.”

ಔಷಧ ಕಂಪನಿಯವರು ಹೀಗೇ ಸಿಹಿ ಹಿಡಿದು ಬರುತ್ತಾರೆ, ಬಿಲ್ಲು ಮಾಡಿಸಿಕೊಂಡು ಹೋಗುತ್ತಾರೆ. ಯಾರಿಗೂ ಸಂಶಯ ಬರಲಿಲ್ಲ. ಮಲ್ಲೇಶನೂ ಕಂಪನಿಯವನ ಹಾಗೆ ನಗುತ್ತ ಒಳಗೆ ಹೋದ. ಆ ನಗು ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಹೇಸಿಕೆಯಾಯಿತು.

ಒಳಗಿನ ಗೋಡೆಯ ಮೇಲೆ ಅವನ ಸರ್ಟಿಫಿಕೇಟು ಇತ್ತು. ಅದರ ಬಾಜೂಕ್ಕೆ, ಅದಕ್ಕಿಂತ ದೊಡ್ಡದಾದ ಇನ್ನೊಂದು ಚೌಕಟ್ಟು. ಔಷಧ ವ್ಯಾಪಾರಿಗಳ ಸಂಘದ ವಾರ್ಷಿಕ ಸಭೆ, ವರ್ಷದ ಉತ್ತಮ ಫಾರ್ಮಸಿಸ್ಟ್ ಶ್ರೀ ಮಲ್ಲೇಶ ಹೊಸಕೋಟಿ ಅವರಿಗೆ ಸನ್ಮಾನ. ಫೋಟೋದಲ್ಲಿ ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು, ನಾಚಿಕೊಂಡು ನಿಂತಿದ್ದವನು ಶಿದ್ರಾಮ. ಮಲ್ಲೇಶ ತುಂಬ ಹೊತ್ತು ನೋಡಿದ. ಜೀವನದಲ್ಲಿ ಯಾರೂ ತನಗೆ ಶಾಲು ಹೊದಿಸಿರಲಿಲ್ಲ. ಹೊದಿಸಿದ್ದರೆ ತಾನೂ ಹೀಗೆ ನಾಚಿಕೊಳ್ಳುತ್ತಿದ್ದೆನೇ?

“ಸಂಘದಾಗ ಮೆಂಬರ್ ಅಂದ ಮ್ಯಾಲ ಒಂದಿಲ್ಲೊಂದ ವರ್ಷ ಬರಬೇಕಲ್ರಿ,” ಎಂದ ರಾವಸಾಹೇಬ. “ಹಾಜರ ಇದ್ದಾಂವ ಹೊತಗೊಂಡ.”

ಮಲ್ಲೇಶ ಅಡ್ಡಿ ಇಲ್ಲ ಎಂದ.

ಶಿದ್ರಾಮನಿಗೆ ಈಗ ಗುರುತು ಹತ್ತಿ, ಅಂಗೈ ಒರೆಸಿಕೊಂಡು ಬಂದು ಕಾಲು ಮುಟ್ಟಲು ಬಾಗಿದ. ಮಲ್ಲೇಶ ಹಿಂದೆ ಸರಿದ. ಬಿಳಿ ಅಂಗಿ ಬಿಚ್ಚಿ ಶಿದ್ರಾಮ ಇವನ ಶರ್ಟಿನ ಮೇಲೆ ತೊಡಿಸಿದ. ಜೇಬಿನ ಮೇಲೆ ಮಲ್ಲೇಶ ಎಂದು ಕೆಂಪು ದಾರದ ಕಸೂತಿ. ಅಂಗಿ ಭುಜಕ್ಕೆ ಬಿಗಿಯಾಯಿತು, ತೋಳು ಗಿಡ್ಡವಾಯಿತು. ರಾವಸಾಹೇಬ ಫೋನು ಹಿಡಿದ. ಓಟಿಪಿ ತಡವಿಲ್ಲದೆ ಬಂತು. ಹತ್ತು ನಿಮಿಷದೊಳಗೆ ಮುಗಿಸಬೇಕು, ಇಲ್ಲದಿದ್ದರೆ ಮೊದಲಿನಿಂದ. ಐದಕ್ಕೆ ಉಳಿದಿದ್ದದ್ದೂ ಹತ್ತೇ ನಿಮಿಷ. ಸರ್ಟಿಫಿಕೇಟಿನ ಪಕ್ಕ ನಿಂತು ಮಲ್ಲೇಶ ಎದೆ ಸೆಟೆಸಿದ.

ಫೋನು ಒಪ್ಪಲಿಲ್ಲ. ಮುಖ ಹೊಂದುತ್ತಿಲ್ಲ ಎಂದಿತು.

ಕನ್ನಡಕ ತೆಗೆದ. ಹೊಂದಲಿಲ್ಲ. ಬೆಳಕಿಗೆ ಸರಿದು ನಿಂತ. ಹೊಂದಲಿಲ್ಲ. ರಾವಸಾಹೇಬ ಫೋನು ಕೆಳಗಿಳಿಸಿ ಗಂಟಲು ಸರಿಮಾಡಿಕೊಂಡ.

“ಸರ, ಅದು ಏನಾಗೇತಂದ್ರ... ನನಗೂ ಈಗ ನೆನಪಾತ್ರಿ. ಹ್ವಾದ ವರ್ಷ ನೋಂದಣಿಯವರು ಹೊಸಾ ಫೋಟೋ ಹಾಕ್ರಿ ಅಂದ್ರ. ನಿಮಗ ಮೂರ ಸಲ ಕೇಳಿದ್ನಿ. ಕಳಸ್ತೇನಿ ಅಂದ್ರಿ.”

“ಅಂದಿದ್ದೆ.”

“ಕಳಸಲಿಲ್ಲ.”

“ಇಲ್ಲ.”

“ಹಂಗಾಗಿ ಇವಂದ ಹಾಕಿದ್ವಿ.”

ಶಿದ್ರಾಮ ನೆಲ ನೋಡುತ್ತ ನಿಂತಿದ್ದ. ತಪ್ಪು ಅವನದಲ್ಲ. ಫೋಟೋ ಕಳಿಸುವುದೆಂದರೆ ಈ ಬಾಡಿಗೆಯನ್ನು ತನ್ನ ಕೈಯಾರೆ ಒಪ್ಪಿಕೊಂಡಂತೆ ಎಂದು ಮಲ್ಲೇಶ ಮುಂದೂಡಿದ್ದ. ಕಳಿಸದೆ ಇದ್ದರೆ ತಾನು ಅಷ್ಟರಮಟ್ಟಿಗೆ ಶುದ್ಧ ಎಂದುಕೊಂಡಿದ್ದ. ಈಗ ಬಿಳಿ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಕೊನೆಯ ಗುಂಡಿ ತುಸು ತಡೆಯಿತು. ಶಿದ್ರಾಮನೇ ಬಿಚ್ಚಿಕೊಟ್ಟ.

ಅಂಗಿ ಇನ್ನೂ ಒಂದು ತೋಳಿನಲ್ಲಿರುವಾಗಲೇ ಕೌಂಟರಿನಿಂದ ಮುದುಕಿಯ ದನಿ ಬಂತು.

“ಮಲ್ಲೇಶಾ, ಎಲ್ಲಿ ಹ್ವಾದ್ಯೋ? ನನ್ನ ಬಸ್ಸು ಹೊಕ್ಕೇತಿ.”

ಗೌರವ್ವ. ಮೂಡಲಗಿಯ ಹಳೆಯ ಗಿರಾಕಿ, ಈಗ ಹುಕ್ಕೇರಿಯ ಮಗಳ ಮನೆಯಲ್ಲಿದ್ದಾಳೆ, ಗುಳಿಗೆಗೆ ಮಾತ್ರ ಇಲ್ಲಿಗೇ ಬರುತ್ತಾಳೆ ಎಂದು ರಾವಸಾಹೇಬ ಹೆಮ್ಮೆಯಿಂದ ಪಿಸುಗುಟ್ಟಿದ. ಶಿದ್ರಾಮ ಓಡಿದ. ಅವಳು ಹುಕ್ಕೇರಿ ಡಾಕ್ಟರರ ಚೀಟಿ ಚಾಚಿದಳು. ಎದೆಗೆ ಡಾಕ್ಟರರೇ ಕೊಟ್ಟ ಹೊಸ ಗುಳಿಗೆ ಎಂಟು ದಿನ ತಿಂದು ತೀರಿತೆಂದೂ, ಅದೂ ಬೇಕು, ಮೊಣಕಾಲಿನ ಹಳೆಯದೂ ಬೇಕು ಎಂದೂ ಹೇಳಿದಳು. ಎಲೆ ಅಡಿಕೆಯ ಬಾಯಿ, ಹಲ್ಲಿನ ಸಂದು ಕೆಂಪಗಿತ್ತು. ಮಲ್ಲೇಶ ಒಳಬಾಗಿಲಿಗೆ ಸರಿದು ಶಿದ್ರಾಮನ ಹೆಗಲ ಮೇಲಿಂದ ಚೀಟಿ ಓದಿದ. ರಕ್ತ ತೆಳ್ಳಗೆ ಮಾಡುವ ಗುಳಿಗೆ.

ಬೇರೆ ದಿನವಾಗಿದ್ದರೆ ಶಿದ್ರಾಮ ಚೀಟಿಯನ್ನು ಮೂರು ಸಲ ಓದುತ್ತಿದ್ದನೇನೋ, ಹುಕ್ಕೇರಿಗೆ ಫೋನು ಹಚ್ಚುತ್ತಿದ್ದನೇನೋ. ಹತ್ತು ವರ್ಷದಲ್ಲಿ ಒಂದು ಗುಳಿಗೆ ತಪ್ಪಿಲ್ಲ ಎಂಬ ಹೆಸರು ಸುಮ್ಮನೆ ಬರುವುದಿಲ್ಲ. ಇವತ್ತು ಒಳಗಿನಿಂದ ರಾವಸಾಹೇಬ ಲಗೂ ಬಾ, ನಾಲ್ಕು ನಿಮಿಷ ಉಳಿದೈತಿ ಎನ್ನುತ್ತಿದ್ದ. ಶಿದ್ರಾಮನ ಕಣ್ಣು ಫೋನಿನ ಕಡೆ, ಕೈ ಕಪಾಟಿನ ಕಡೆ. ಎರಡೂ ಗುಳಿಗೆ ಒಂದೇ ಕಾಗದದ ಪಾಕೀಟಿನೊಳಗೆ ಬಿದ್ದವು.

“ಶಿದ್ರಾಮ,” ಎಂದ ಮಲ್ಲೇಶ.

“ಏನ್ರಿ ಸರ?”

ಕೌಂಟರಿನ ಜನ ಕಂಪನಿಯವನ ಕಡೆ ನೋಡಿದರು. ಇವನ್ಯಾರು, ಶಿದ್ರಾಮ ಯಾರು ಎಂದು. ಗೌರವ್ವ ಮಾತ್ರ ತಲೆ ತಗ್ಗಿಸಿ ಸೆರಗಿನ ಗಂಟಿನಿಂದ ರೊಕ್ಕ ಬಿಚ್ಚಿ ಎಣಿಸುತ್ತಿದ್ದಳು. ರಾವಸಾಹೇಬನ ಮುಖ ಬಿಳಿಚಿತು. ಮೂರು ನಿಮಿಷ. ತಡೆದರೆ ಮಾತು ಬೆಳೆಯುತ್ತದೆ, ನಿಮಿಷ ಹೋಗುತ್ತದೆ, ಹೆಸರು ಹೋಗುತ್ತದೆ.

“ಏನಿಲ್ಲ. ಮುಗಿಸಿ ಬಾ.”

ಶಿದ್ರಾಮ ಮುಗಿಸಿ ಬಂದ. ಬಿಳಿ ಅಂಗಿ ತೊಟ್ಟು ಸರ್ಟಿಫಿಕೇಟಿನ ಪಕ್ಕ ನಿಂತ. ಫೋನು ಒಂದೇ ಸಲಕ್ಕೆ ಒಪ್ಪಿತು. ಹಸಿರು ಗುರುತು ಮೂಡಿ, ಮಲ್ಲೇಶ ಹೊಸಕೋಟಿ, ನಿಮ್ಮ ನೋಂದಣಿ ನವೀಕರಣಗೊಂಡಿದೆ ಎಂದು ಬಂತು. ಸಂಘದ ಫೀಯನ್ನೂ ಕೂಡಿಯೇ ತುಂಬಿದ್ದೇನೆ ಎಂದ ರಾವಸಾಹೇಬ. ಕರದಂಟಿನ ಡಬ್ಬಿ ಒಡೆದು ಎಲ್ಲರಿಗೂ ಹಂಚಿದ. ಮಲ್ಲೇಶನಿಗೂ ಒಂದು ತುಂಡು ಬಂತು. ತಿಂದ.

ಕೈ ತೊಳೆಯುವ ಹೊತ್ತಿಗೆ, ಪಾಕೀಟಿನ ವಿಷಯ ಈಗ ಹೇಳಿಬಿಡೋಣ ಎಂದುಕೊಂಡ. ಹೇಳಿದರೆ, ಆಗಲೇ ಯಾಕೆ ಹೇಳಲಿಲ್ಲ ಎಂದು ಶಿದ್ರಾಮ ಕೇಳುತ್ತಾನೆ. ಬಾಯಿಬಿಟ್ಟು ಕೇಳಲಿಕ್ಕಿಲ್ಲ, ನೋಡುತ್ತಾನೆ. ಆ ನೋಟವನ್ನು ಎದುರಿಸುವುದಕ್ಕಿಂತ ಮುದುಕಿಯನ್ನೇ ಬಸ್ ಸ್ಟ್ಯಾಂಡಿನಲ್ಲಿ ಹಿಡಿಯುವುದು ಸುಲಭವೆಂದು ತೋರಿ ಬೇಗಬೇಗ ನಡೆದ.

ಗೌರವ್ವ ಗೋಕಾಕದ ಬಸ್ಸಿನಲ್ಲಿ ಕಿಟಕಿಗೆ ಕೂತಿದ್ದಳು. ಪಕ್ಕದ ಸೀಟು ಖಾಲಿ ಇತ್ತು. ಮಲ್ಲೇಶ ಕೂತ. ಊರು ದಾಟಿ ಕಬ್ಬಿನ ಗದ್ದೆಗಳು ಶುರುವಾಗುವ ತನಕ ಮಾತು ಎತ್ತುವ ಬಗೆ ಹುಡುಕಿದ. ಪಾಕೀಟು ಅವಳ ತೊಡೆಯ ಮೇಲಿತ್ತು. ಅದರ ಮೇಲೆ ನೀಲಿ ಅಕ್ಷರದಲ್ಲಿ ಅಂಗಡಿಯ ಹೆಸರು, ಕೆಳಗೆ ಅವನ ಹೆಸರು, ಅವನ ನೋಂದಣಿಯ ನಂಬರು.

“ಯವ್ವಾ, ಅದರಾಗಿನ ಮೊಣಕಾಲ ಗುಳಿಗಿ ತಗೋಬ್ಯಾಡ್ರಿ,” ಎಂದ.

ಮುದುಕಿ ತಿರುಗಿ ನೋಡಿದಳು. “ಯಾಕಪಾ?”

“ಹೊಸಾ ಗುಳಿಗಿಗೂ ಅದಕೂ ಕೂಡೂದಿಲ್ಲ.”

“ನೀ ಡಾಕ್ಟರೇನು?”

“ಅಲ್ಲ.”

“ಔಷಧ ಅಂಗಡಿಯಾಂವೇನು?”

ಬಾಯಿ ತೆರೆದ. ಹೌದು ಎನ್ನಬೇಕಿತ್ತು. ಆ ಪಾಕೀಟಿನ ಮೇಲೆ ಬರೆದವನು ನಾನೇ ಎನ್ನಬೇಕಿತ್ತು. ಅಂದರೆ ಅವಳು ನಗುತ್ತಾಳೆ. ಇಡೀ ಬಸ್ಸು ನಗುತ್ತದೆ. ಫೋನೇ ಒಪ್ಪದ ಮುಖವನ್ನು ಮುದುಕಿ ಒಪ್ಪುತ್ತಾಳೆಯೇ?

“ಅಲ್ಲ,” ಎಂದ. “ಸಾಲಿ ಮಾಸ್ತರ.”

“ಮತ್ತ ಸುಮ್ಮ ಕೂಡು ತಮ್ಮಾ.” ಅವಳಿಗೆ ಸಿಟ್ಟೇನೂ ಬಂದಿರಲಿಲ್ಲ. “ಮಲ್ಲೇಶ ಕೊಟ್ಟಾನ. ಹತ್ತ ವರ್ಷದಿಂದ ಅಂವನ ಕೈಯಾಗಿಂದನ ತಿಂತೇನಿ, ಸತ್ತಿಲ್ಲಲಾ? ಅಂವ ಬ್ಯಾಡ ಅಂದ್ರ ಈಗ ಬಿಡತೇನಿ.”

ಮಲ್ಲೇಶ ಫೋನು ತೆಗೆದು ಅಂಗಡಿಗೆ ಹಚ್ಚಿದ. ಶಿದ್ರಾಮ ಒಂದು ಮಾತು ಹೇಳಿದರೆ ಸಾಕಿತ್ತು. ಫೋನು ಹೊಡೆದುಕೊಂಡಿತು, ಹೊಡೆದುಕೊಂಡಿತು, ಬೆಳಗಿನ ಹಾಗೆಯೇ ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಹಚ್ಚಬಹುದಿತ್ತು. ಹಚ್ಚಲಿಲ್ಲ. ಯಾರೂ ಎತ್ತಲಿಲ್ಲ ಎಂಬುದರಲ್ಲಿ ಸ್ವಲ್ಪ ಸಮಾಧಾನವೂ ಇತ್ತೆಂದು ತಿಳಿದು ಕಿವಿ ಬಿಸಿಯಾಯಿತು.

“ಹೆಸರೇನಪಾ ನಿಂದು?” ಎಂದಳು ಗೌರವ್ವ, ಮಾತು ಮುರಿದದ್ದಕ್ಕೆ ತಾನೇ ಮೆತ್ತಗಾಗಿ.

“ಶಿದ್ರಾಮ.”

ಎಷ್ಟು ಬೇಗ ಬಂತು! ಹೆದರಿಕೆಯೂ ಆಗಲಿಲ್ಲ. ಯಾರದೂ ಅಲ್ಲದೆ ಉಳಿದಿದ್ದ ಹೆಸರು ಅದೊಂದೇ ಎಂಬಂತೆ ನಾಲಿಗೆ ಅದನ್ನು ಎತ್ತಿಕೊಂಡಿತ್ತು.

ಕೊಣ್ಣೂರಿನಲ್ಲಿ ಗೆಳತಿ ಇದ್ದಾಳೆ, ಅವಳ ಮೊಮ್ಮಗನೂ ಶಿದ್ರಾಮ ಎಂದಳು ಗೌರವ್ವ. ಮೊಣಕಾಲು ನೀವಿಕೊಂಡಳು. ಬಸ್ಸು ಕುಲುಕಿದಾಗಲೆಲ್ಲ ಮುಖ ಕಿವುಚುತ್ತಿದ್ದಳು. ಸ್ವಲ್ಪ ಹೊತ್ತಿಗೆ ಪಾಕೀಟಿನಿಂದ ಒಂದು ಗುಳಿಗೆ ಬಿಡಿಸಿ ಅಂಗೈಯಲ್ಲಿಟ್ಟುಕೊಂಡಳು. ಮೊಣಕಾಲಿನದು. ಮಲ್ಲೇಶನಿಗೆ ಅದರ ಬಣ್ಣ, ಗಾತ್ರ, ಅದು ಹೊಟ್ಟೆಯಲ್ಲಿ ಎಷ್ಟು ಹೊತ್ತಿಗೆ ಕರಗುತ್ತದೆ ಎಂಬುದೆಲ್ಲ ಗೊತ್ತಿತ್ತು.

“ಶಿದ್ರಾಮಾ, ನೀರ ಐತೇನು?”

ಬಾಟಲಿ ಚೀಲದ ಹೊರಜೇಬಿನಲ್ಲಿ ಕಾಣುತ್ತಿತ್ತು. ಇಲ್ಲ ಎನ್ನುವ ಹಾಗಿರಲಿಲ್ಲ. ಮುದುಕಿ ಬಾಯಾರಿ ಕೇಳಿದಾಗ ನೀರು ಕೊಡಲಾರೆ ಎಂದವರು ಈ ಸೀಮೆಯಲ್ಲಿ ಯಾರಿದ್ದಾರೆ? ಮುಚ್ಚಳ ಬಿಚ್ಚಿ ಅವನೇ ಕೈಗೆ ಕೊಟ್ಟ. ಅವಳು ಗುಳಿಗೆ ನುಂಗಿದಳು. ದೇವರು ನಿನ್ನ ಚಲೋ ಇಡಲಿ ಎಂದಳು. ಇನ್ನೊಂದು ಗುಟುಕು ಬಾಯಿಗೆ ಹಾಕಿ ಮುಕ್ಕಳಿಸಿ ಕಿಟಕಿಯಿಂದ ಆಚೆ ಉಗಿದಳು.

ಎದುರುಗಾಳಿಗೆ ಅದು ತಿರುಗಿ ಒಳಗೆ ಬಂತು. ಮಲ್ಲೇಶನ ಬಿಳಿ ಶರ್ಟಿನ ತೋಳಿಗೆ ಐದಾರು ಕೆಂಪು ಹನಿ ಬಿದ್ದವು.

ಗೌರವ್ವ ಅಯ್ಯ ಶಿವನೇ ಎಂದು ಸೆರಗಿನಿಂದ ಒರೆಸಲು ಹೋದಳು. ಇರಲಿ ಬಿಡಿ ಎಂದು ಅವನು ತೋಳು ಎಳೆದುಕೊಂಡ. ಎಲೆ ಅಡಿಕೆ ಕಲೆ, ನಿಂಬೆಹಣ್ಣು ತಿಕ್ಕಿದರೆ ಹೋಗುತ್ತದೆ ಎಂದ. ಹಾಗೆಂದು ಸಮಾಧಾನ ಮಾಡಿದ, ಅವಳಿಗೋ ತನಗೋ.

“ಎಲಿ ಅಡಿಕಿ ಬಿಟ್ಟು ವರ್ಷ ಆತಪಾ,” ಎಂದಳು ಗೌರವ್ವ. “ಡಾಕ್ಟರ ಬ್ಯಾಡ ಅಂದಾರ. ಎಲ್ಲೆರ ಹಲ್ಲ ಹತ್ತಿರಬೇಕು. ನಾಕ ದಿನದಿಂದ ಹಿಂಗ ಆಗಾಕತ್ತೇತಿ, ತಾನ ನಿಂದರತೈತಿ.”

ಆಮೇಲೆ ಅವಳು ಸೀಟಿನ ಕಂಬಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಬಾಯಿ ತುಸು ತೆರೆದುಕೊಂಡಿತು. ಗೋಕಾಕ ಇನ್ನು ಇಪ್ಪತ್ತು ನಿಮಿಷ. ಅಲ್ಲಿ ಆಸ್ಪತ್ರೆ ಇತ್ತು. ಅಲ್ಲಿಂದ ಹುಕ್ಕೇರಿಯ ಬಸ್ಸೂ ಇತ್ತು. ಅದನ್ನು ತೋರಿಸಿ ಹತ್ತಿಸಿಬಿಡು ಎಂದು ಅವಳು ಆಗಲೇ ಹೇಳಿಟ್ಟಿದ್ದಳು.

ಮಲ್ಲೇಶ ಅವಳ ಬಾಯಿಯ ಕಡೆ ನೋಡಲಿಲ್ಲ. ಯಾರಿಗೂ ಕಾಣದಿರಲೆಂದು ತೋಳನ್ನು ಒಂದು ಸುತ್ತು ಮಡಚಿದ. ನೀರು ಬೆರೆತ ಕೆಂಪು, ಬಟ್ಟೆಯನ್ನು ದಾಟಿ ಮಡಿಕೆಯ ಮೇಲೆ ಬಂತು. ಇನ್ನೊಂದು ಸುತ್ತು ಮಡಚಿದ. ಅಲ್ಲಿಯೂ ಬಂತು. ತೋಳು ಮೊಣಕೈಯ ಮೇಲೆ ಬಿಗಿದು ಕೂತ ಮೇಲೆ ಮಡಚಲು ಬಟ್ಟೆ ಉಳಿದಿರಲಿಲ್ಲ. ಅವನು ಅದರ ಮೇಲೆ ಅಂಗೈ ಮುಚ್ಚಿಕೊಂಡು ಕೂತ.